ಸೊಂಟದ ಎವಿಎನ್: ಶಸ್ತ್ರಚಿಕಿತ್ಸೆ ತಪ್ಪಿಸಲು ಇರುವ ಅವಧಿ ಚಿಕ್ಕದು

ದಾವಣಗೆರೆ: ಮೂವತ್ತು, ನಲವತ್ತರ ವಯಸ್ಸಿನಲ್ಲಿ ತೊಡೆಸಂದು ನೋಯತೊಡಗಿದರೆ ಅದನ್ನು ಉಳುಕು, ವಾಯು ಅಥವಾ ಬೆನ್ನುನೋವೆಂದು ಭಾವಿಸುವುದು ಸಾಮಾನ್ಯ. ಎಕ್ಸ್-ರೇಯಲ್ಲೂ ದೋಷ ಕಾಣದಿದ್ದರೆ ರೋಗಿ ನಿಶ್ಚಿಂತನಾಗುತ್ತಾನೆ. ಆದರೆ ತೊಡೆಮೂಳೆಯ ತಲೆಗೆ ರಕ್ತದ ಪೂರೈಕೆ ಕುಂಠಿತವಾಗಿ ಮೂಳೆಯ ಜೀವಕೋಶಗಳು ಸಾಯುವ 'ಅವ್ಯಾಸ್ಕುಲರ್ ನೆಕ್ರೋಸಿಸ್', ಅಂದರೆ ಎವಿಎನ್, ಮೊದಲ ಹಂತದಲ್ಲಿ ಎಕ್ಸ್-ರೇಗೆ ಸಿಕ್ಕುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು. ಶಸ್ತ್ರಚಿಕಿತ್ಸೆ ಇಲ್ಲದ ಉಪಾಯಗಳು ಫಲಿಸುವ ಸಾಧ್ಯತೆ ಇರುವುದೂ ಈ ಆರಂಭದ ಹಂತಗಳಲ್ಲಿಯೇ. ಗುಂಡಗಿನ ಮೂಳೆತಲೆ ಒಮ್ಮೆ ಕುಸಿಯಿತೆಂದರೆ ಯಾವ ಮಾತ್ರೆಯೂ ಅದಕ್ಕೆ ಹಿಂದಿನ ಆಕಾರ ಕೊಡಲಾರದು.

ಅಧಿಕ ಪ್ರಮಾಣದ ಸ್ಟೀರಾಯ್ಡ್, ಅತಿಯಾದ ಮದ್ಯಪಾನ, ತೊಡೆಮೂಳೆಯ ಕತ್ತಿನ ಮುರಿತ, ಸಿಕಲ್ ಸೆಲ್ ರಕ್ತಹೀನತೆ ಇದರ ಪ್ರಮುಖ ಕಾರಣಗಳು. ಕೋವಿಡ್‌ಗೆ ಸ್ಟೀರಾಯ್ಡ್ ಪಡೆದಿದ್ದ ಮೂವರಲ್ಲಿ ಎವಿಎನ್ ಕಾಣಿಸಿಕೊಂಡುದನ್ನು ಮುಂಬೈನ ಹಿಂದುಜಾ ಆಸ್ಪತ್ರೆಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯೂ ಸೊಂಟದ ಕೀಲನ್ನೇ ಕಾಡುತ್ತದೆಯಾದರೂ ಅದು ವಂಶಪಾರಂಪರ್ಯವಾಗಿ ಬರುವಂಥದು; ಎರಡನ್ನೂ ಒಂದೆಂದು ತಿಳಿಯಬಾರದು.

ಔಷಧಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾಗಿರುವುದು ಅಲೆಂಡ್ರೊನೇಟ್. ಮೂಳೆ ಟೊಳ್ಳಾಗುವ ಕಾಯಿಲೆಗೆ ಕೊಡುವ ಮಾತ್ರೆ ಇದು. ಸತ್ತ ಮೂಳೆಯನ್ನು ಕರಗಿಸುವ ಜೀವಕೋಶಗಳ ವೇಗವನ್ನು ತಗ್ಗಿಸಿ, ಹೊಸ ಮೂಳೆ ಬೆಳೆಯುವವರೆಗೆ ಕುಸಿತವನ್ನು ತಡೆಯುವುದು ಇದರ ಹಿಂದಿನ ತರ್ಕ. ಹಿಂದುಜಾ ಆಸ್ಪತ್ರೆಯ ಡಾ. ಸಂಜಯ್ ಅಗರ್ವಾಲ ಅವರ ತಂಡ ಇದರಿಂದ ಉತ್ತಮ ಫಲಿತಾಂಶ ಕಂಡಿತು. ತೈವಾನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನವೂ ಅದನ್ನೇ ಹೇಳಿತು. ಆದರೆ ಅದೇ ದೇಶದಲ್ಲಿ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇದನ್ನು ಪ್ರಯತ್ನವೆನ್ನಬಹುದೇ ಹೊರತು ಭರವಸೆಯೆನ್ನಲಾಗದು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದೇ ಇರಬೇಕು. ಹಲ್ಲು ಕೀಳಿಸುವುದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ಊರುಗೋಲು ನೋವನ್ನು ತಗ್ಗಿಸುತ್ತದೆ, ಆದರೆ ಅದೊಂದರಿಂದಲೇ ರೋಗ ನಿಲ್ಲದು. ಆಘಾತ ತರಂಗ ಚಿಕಿತ್ಸೆ, ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆಗಳಿಗೆ ಸ್ವಲ್ಪ ಆಧಾರವಿದೆ, ಎಲ್ಲೆಡೆ ದೊರೆಯುವುದಿಲ್ಲ. ಎಣ್ಣೆ ನೀವಿಕೆಯಿಂದ ಸ್ನಾಯುಗಳಿಗೆ ಹಿತವೆನಿಸೀತು, ಮೂಳೆಗೆ ರಕ್ತ ಹರಿದೀತೆಂಬುದಕ್ಕೆ ಪುರಾವೆಯಿಲ್ಲ. ಮೂಳೆಗೆ ರಂಧ್ರ ಕೊರೆಯುವ 'ಕೋರ್ ಡಿಕಂಪ್ರೆಷನ್' ಚಿಕ್ಕದಾದರೂ ಶಸ್ತ್ರಚಿಕಿತ್ಸೆಯೇ. ಮದ್ಯವನ್ನು ಬಿಡಲೇಬೇಕು. ಸ್ಟೀರಾಯ್ಡನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು, ಅದು ಪ್ರಾಣಕ್ಕೇ ಅಪಾಯ ತಂದೀತು.

1965ರಲ್ಲೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ನಗರವಿದು. ಶಾಮನೂರಿನವರಿಗಾಗಲಿ, ಹರಿಹರದವರಿಗಾಗಲಿ ಮೂಳೆತಜ್ಞರು ದೂರವಿಲ್ಲ. ಸ್ಟೀರಾಯ್ಡ್ ಪಡೆದವರಾಗಲಿ, ಮದ್ಯಪಾನದ ಅಭ್ಯಾಸವುಳ್ಳವರಾಗಲಿ ತೊಡೆಸಂದಿನ ನೋವು ಕೆಲವು ವಾರ ಬಿಡದಿದ್ದರೆ ಆ ಹಿನ್ನೆಲೆಯನ್ನು ಮುಚ್ಚಿಡದೆ ಹೇಳಿ, ಎಂಆರ್‌ಐ ಅಗತ್ಯವೇ ಎಂದು ಕೇಳುವುದು ಒಳಿತು. ನೋವು ಒಂದೇ ಕಡೆ ಇದ್ದರೂ ಎರಡೂ ಸೊಂಟದ ಕೀಲುಗಳನ್ನು ಪರೀಕ್ಷಿಸಬೇಕು, ಏಕೆಂದರೆ ನೋಯದ ಬದಿಯಲ್ಲೂ ರೋಗ ಆಗಲೇ ಆರಂಭವಾಗಿರುವುದುಂಟು.