ಅಪ್ಪನ ಯೆಜ್ಡಿ ಗುಜರಿಗೆ ಬೇಡ!

ಯುವ ಮಿತ್ರರೇ, ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿರುವ ಅಪ್ಪನ ಯೆಜ್ಡಿ ಎಲ್ಲಿಯದು ಗೊತ್ತೇ? ನಮ್ಮ ಮೈಸೂರಿನದು! ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ತಯಾರಿಸತೊಡಗಿತು. ಮುಂದೆ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಿಕ್ ಹೊಡೆಯಲೂ ಗೇರ್ ಹಾಕಲೂ ಇದಕ್ಕೆ ಒಂದೇ ಲಿವರ್! ಟೂ-ಸ್ಟ್ರೋಕ್ ಗಾಡಿಯಾದ್ದರಿಂದ ಪೆಟ್ರೋಲಿನ ಜತೆ ಟೂ-ಟಿ ಆಯಿಲ್ ಹೋಗಲೇಬೇಕು. ತಪ್ಪಿದರೆ ಪಿಸ್ಟನ್ ಜಾಮ್ ಆದೀತು. ಪ್ಲಗ್ ಶುಚಿ ಮಾಡುವುದು, ಚೈನ್ ಬಿಗಿಗೊಳಿಸುವುದು ನೀವೇ ಕಲಿಯಿರಿ. ಸೀಟನ್ನು ಇಷ್ಟದಂತೆ ಹೊಲಿಸಿಕೊಳ್ಳಿ. ಸೈಲೆನ್ಸರಿನ ಒಳಕೊಳವೆ ಮಾತ್ರ ಕೀಳಬೇಡಿ. ಸದ್ದು ಹೆಚ್ಚೀತು, ಎಳೆತ ಕುಗ್ಗೀತು. ನೋಂದಣಿ ನವೀಕರಿಸಿಯೇ ರಸ್ತೆಗಿಳಿಸಿ.

ಸದ್ದು ಕೇಳಿಯೇ ದೋಷ ಹೇಳುವ ಹಳೆಯ ಮೆಕ್ಯಾನಿಕ್‌ಗಳಿಗೆ ವಯಸ್ಸಾಗುತ್ತಿದೆ, ಅಪ್ಪನಿಗೂ. ಇಂದೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪ್ಯಾನರ್ ಹಿಡಿಯಿರಿ. ಗಾಡಿಯ ಜತೆಗೆ ಊರಿನ ಕಥೆಯೂ ನಿಮ್ಮದಾದೀತು.