ಮರಳಿ ಬರುವ ನಾದ

ಗಾನತಟ್ಟೆಯ ಗೆರೆಗಳಲ್ಲಿ ಸಂಚರಿಸುವ ಮುಳ್ಳಿಗೆ, ತಾನು ಗ್ರಹಿಸುತ್ತಿರುವ ಕಂಪನವು ತಟ್ಟೆಯಲ್ಲಿ ಕೊರೆದ ಸಂಗೀತದ್ದೋ, ಅದೇ ಕೋಣೆಯ ಧ್ವನಿವರ್ಧಕದಿಂದ ಮೇಜಿನ ಮೂಲಕ ಹರಿದುಬಂದದ್ದೋ ಎಂಬ ವಿವೇಚನೆಯಿಲ್ಲ. ಆದುದರಿಂದ ಧ್ವನಿವರ್ಧಕವನ್ನು ರೆಕಾರ್ಡ್ ಪ್ಲೇಯರಿನ ಮೇಜಿನ ಮೇಲೆಯೇ ಇರಿಸಿ ಧ್ವನಿಯನ್ನು ಏರಿಸಿದಲ್ಲಿ, ಅದರ ಮಂದ್ರಸ್ವರಗಳು ಹಲಗೆಯನ್ನೂ ತಟ್ಟೆಯನ್ನೂ ನಡುಗಿಸಿ, ಆ ನಡುಕವು ಮುಳ್ಳಿನಿಂದ ವಿದ್ಯುತ್ಸಂಕೇತವಾಗಿ ಆಂಪ್ಲಿಫೈಯರನ್ನು ಸೇರಿ, ಅಲ್ಲಿ ವೃದ್ಧಿಹೊಂದಿ ಧ್ವನಿವರ್ಧಕಕ್ಕೆ ಮರಳಿ, ಹೀಗೆ ಸುತ್ತುಸುತ್ತಿಗೂ ಬಲಿಯುತ್ತ, ಕಡೆಗೆ ಸಂಗೀತವನ್ನೇ ನುಂಗುವ ಹೂಂಕಾರವಾಗುತ್ತದೆ. ಸಭೆಗಳಲ್ಲಿ ಮೈಕಿನಿಂದ ಏಳುವ ಕರ್ಕಶ ಕೀರಲೂ ಇದೇ ಜಾತಿಯದು. ಫೀಡ್‌ಬ್ಯಾಕ್ ಎಂದು ಪ್ರಸಿದ್ಧವಾದ ಈ ವಿದ್ಯಮಾನಕ್ಕೆ ಡೆನ್ಮಾರ್ಕಿನ ಭೌತವಿಜ್ಞಾನಿಯ ಹೆಸರಿನಿಂದ ಲಾರ್ಸೆನ್ ಪರಿಣಾಮವೆಂಬ ಹೆಸರೂ ಉಂಟು.

ಇದು ಹುಟ್ಟಬೇಕಾದರೆ, ಒಂದು ಸುತ್ತು ಮುಗಿಸಿ ಬಂದ ಧ್ವನಿಯು ಹೊರಟಾಗಿನದಕ್ಕಿಂತ ಕ್ಷೀಣವಾಗಿರಕೂಡದು. ಅದರ ತರಂಗವು ಮೂಲತರಂಗದೊಡನೆ ಹೊಂದಿಕೊಂಡಿರಲೂ ಬೇಕು. ಕೋಣೆಯ ಆಕಾರ, ಉಪಕರಣಗಳ ಸ್ವಭಾವ, ಅವುಗಳ ನಡುವಣ ಅಂತರ ಇವುಗಳಿಗನುಸಾರವಾಗಿ ಯಾವ ಶ್ರುತಿಗೆ ಈ ಎರಡು ನಿಯಮಗಳೂ ಮೊದಲು ಒದಗುವುವೋ ಆ ಶ್ರುತಿಯೇ ಮೇಲೇಳುತ್ತದೆ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರುಗಳಷ್ಟು ಚಲಿಸುವುದರಿಂದ, ಮೈಕು ಗೇಣುದ್ದ ಸರಿದರೂ ಸುತ್ತಿನ ಕಾಲ ವ್ಯತ್ಯಾಸಗೊಂಡು ಶ್ರುತಿ ಬದಲಾದೀತು.

ದೋಷವೆಂದು ಎಲ್ಲರೂ ದೂರವಿರಿಸಿದ ಇದನ್ನು ಅಮೆರಿಕದ ಸಂಗೀತರಚನಕಾರ ಜಾನ್ ಕೇಜ್ 1960ರ ‘ಕಾರ್ಟ್ರಿಜ್ ಮ್ಯೂಸಿಕ್’ ಕೃತಿಯಲ್ಲಿ ಸ್ವಾಗತಿಸಿದನು: ಗ್ರಾಮಫೋನಿನ ಪಿಕಪ್ಪಿನಲ್ಲಿ ಮುಳ್ಳಿಗೆ ಬದಲಾಗಿ ತಂತಿ, ಕಡ್ಡಿ ಮೊದಲಾದ ಸಣ್ಣ ವಸ್ತುಗಳನ್ನು ಸಿಕ್ಕಿಸಿ ನುಡಿಸುವಾಗ, ನಡುವೆ ಏಳುವ ಊಳನ್ನೂ ಗುಂಜನವನ್ನೂ ಅಂಗೀಕರಿಸಬೇಕೆಂಬುದು ಅವನ ವಿಧಿ. 1968ರಲ್ಲಿ ಸ್ಟೀವ್ ರೈಕ್ ರಚಿಸಿದ ‘ಪೆಂಡುಲಮ್ ಮ್ಯೂಸಿಕ್’ ಇನ್ನೂ ನಿರಾಡಂಬರವಾದುದು. ತೂಗುಬಿಟ್ಟ ಮೈಕುಗಳನ್ನು ಒಮ್ಮೆಗೇ ಕೈಬಿಟ್ಟೊಡನೆ ಅವು ತಂತಮ್ಮ ಧ್ವನಿವರ್ಧಕಗಳ ಮೇಲೆ ಹಾಯುವಾಗಲೆಲ್ಲ ಒಂದೊಂದು ಕೂಗು ಚಿಮ್ಮುತ್ತದೆ. ತೂಗಾಟದ ಕಾಲವು ಒಂದಕ್ಕೊಂದು ಸರಿಹೊಂದದ ಕಾರಣ ಕೂಗುಗಳು ಹೆಣೆದುಕೊಂಡು ಲಯಗಳಾಗುತ್ತವೆ. ವೇಗ ಕುಗ್ಗಿದಂತೆ ಅವು ದೀರ್ಘವಾಗುತ್ತ, ಮೈಕುಗಳು ನಿಶ್ಚಲವಾದಾಗ ಅಖಂಡ ನಾದದಲ್ಲಿ ಕೂಡಿಕೊಳ್ಳುತ್ತವೆ. ಅಷ್ಟರವರೆಗೆ ಕಲಾವಿದರೂ ಶ್ರೋತೃಗಳೊಡನೆ ಕುಳಿತು ಆಲಿಸುವರು.

ಪ್ಲೇಯರನ್ನು ಬೇರೆ ಮೇಜಿಗೆ ಸಾಗಿಸಿ ಭಾರವಾದ ಕಲ್ಲುಹಲಗೆಯ ಮೇಲೆ ನೆಲೆಗೊಳಿಸುವ ರಸಿಕನೂ, ಮೈಕಿನ ಎತ್ತರವನ್ನು ಅಳೆದು ತೂಗುಹಾಕುವ ಸಂಗೀತಗಾರನೂ ಬಳಸುವುದು ಒಂದೇ ವಿದ್ಯೆಯನ್ನು. ಒಬ್ಬನು ವರ್ತುಲವನ್ನು ಕಡಿಯುತ್ತಾನೆ, ಮತ್ತೊಬ್ಬನು ಅದನ್ನು ಕೂಡಿಸುತ್ತಾನೆ. ಕೇಳುವ ಸ್ಥಳವೂ ಸಂಗೀತದಲ್ಲಿ ಭಾಗಿಯೆಂಬ ಸತ್ಯವನ್ನು ಇಬ್ಬರೂ ಒಪ್ಪಿಕೊಂಡೇ ಕೆಲಸ ಮಾಡಬೇಕಾಗುತ್ತದೆ.