ಮೋರ್‌ಬಾತ್ ದೇವಾಲಯದ ಲೆಕ್ಕಪುಸ್ತಕ

ಇಂಗ್ಲೆಂಡಿನ ಧರ್ಮಸುಧಾರಣೆಯನ್ನು ನಾವು ಸಾಮಾನ್ಯವಾಗಿ ಅರಸರ ಶಾಸನಗಳಿಂದಲೂ ದೇವಶಾಸ್ತ್ರಜ್ಞರ ವಾದಗ್ರಂಥಗಳಿಂದಲೂ ಅರಿಯುತ್ತೇವೆ. ಒಂದು ಹಳ್ಳಿಯ ಬಲಿಪೀಠದ ಮುಂದೆ ಅದು ಹೇಗೆ ಸಂಭವಿಸಿತೆಂಬುದನ್ನು ತಿಳಿಯಲು ಡೆವನ್ ಸೀಮೆಯ ಮೋರ್‌ಬಾತ್ ಗ್ರಾಮದತ್ತ ನೋಡಬೇಕು. ಎಕ್ಸ್‌ಮೂರ್ ಬೆಟ್ಟಗಳ ದಕ್ಷಿಣದ ಅಂಚಿನಲ್ಲಿರುವ ಈ ಊರಿನಲ್ಲಿ ಅಂದು ಇದ್ದುದು ಸುಮಾರು 33 ಮನೆಗಳು ಹಾಗೂ ಸಂತ ಜಾರ್ಜರ ಹೆಸರಿನ ಮಧ್ಯಯುಗದ ಒಂದು ದೇವಾಲಯ. 1520ರಿಂದ 1574ರವರೆಗೆ ಅಲ್ಲಿ ಗುರುಗಳಾಗಿದ್ದವರು ಸರ್ ಕ್ರಿಸ್ಟೋಫರ್ ಟ್ರಿಕಿ. ಈ 'ಸರ್' ಅರಸರಿತ್ತ ಬಿರುದಲ್ಲ, ಯಾಜಕರಿಗೆ ಅಂದು ಸಲ್ಲುತ್ತಿದ್ದ ಗೌರವವಾಚಕ.

ದೇವಾಲಯದ ಲೆಕ್ಕವನ್ನು ಅವರೇ ಬರೆದು, ನೆರೆದ ಜನರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆ ಪುಸ್ತಕ ಉಳಿದುಬಂದಿದೆ. ಇತಿಹಾಸಕಾರ ಏಮನ್ ಡಫಿಯವರ 2001ರ ಕೃತಿಯು ಅದನ್ನು ಜಗತ್ತಿಗೆ ಪರಿಚಯಿಸಿತು. ಸಂತರ ಪ್ರತಿಮೆಗಳ ಮುಂದಿನ ದೀಪಗಳಿಗೆ ಪ್ರತ್ಯೇಕ ನಿಧಿಗಳಿದ್ದವು. ಯುವಕರಿಗೊಂದು, ಕನ್ಯೆಯರಿಗೊಂದು ನಿಧಿಯಿತ್ತು. ದೇವಾಲಯದ ಕುರಿಗಳು ಊರವರ ಹಿಂಡುಗಳಲ್ಲೇ ಮೇಯುತ್ತಿದ್ದವು. ಅವುಗಳ ಉಣ್ಣೆ ಮೇಣವಾಗಿ ಉರಿಯುತ್ತಿತ್ತು. ಧರ್ಮಸಭೆಯೆಂದರೆ ಸಹಭಾಗಿತ್ವವೆಂದು ನಾವು ತರಗತಿಗಳಲ್ಲಿ ಬೋಧಿಸುವುದನ್ನು ಆ ರೈತರು ಕುರಿ ಲೆಕ್ಕದಲ್ಲಿ ಬದುಕಿದ್ದರು.

ಟ್ರಿಕಿಯವರಿಗೊಂದು ಹಂಬಲವಿತ್ತು: ಮೃತರ ಬಲಿಪೂಜೆಗೆ ಯೋಗ್ಯವಾದ ಕಪ್ಪು ಪೂಜಾವಸ್ತ್ರಗಳು. ಬಡ ಊರು, ಬಿಡಿಗಾಸು ಕೂಡಿಸುತ್ತಾ ಸುಮಾರು ಇಪ್ಪತ್ತು ವರ್ಷ ಕಾದರು. ವಸ್ತ್ರಗಳು ಕೈಸೇರಿದ್ದು 1547ರಲ್ಲಿ. ಅದೇ ವರ್ಷ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದನು. ಪ್ರತಿಮೆಗಳೂ ದೀಪಗಳೂ ನಿಷಿದ್ಧವಾದವು. ಮೃತರಿಗಾಗಿ ಬಲಿಯರ್ಪಿಸುವ ವಾಡಿಕೆಯೂ ನಿಂತಿತು. ನಿಧಿಗಳು ಅಳಿದವು, ಕುರಿಗಳು ಮಾರಾಟವಾದವು.

1549ರಲ್ಲಿ ಹೊಸ ಪ್ರಾರ್ಥನಾಗ್ರಂಥವನ್ನು ವಿರೋಧಿಸಿ ಪಶ್ಚಿಮ ಸೀಮೆಯ ಜನ ದಂಗೆಯೆದ್ದು ಎಕ್ಸೆಟರ್ ನಗರಕ್ಕೆ ಮುತ್ತಿಗೆ ಹಾಕಿದರು. ಮೋರ್‌ಬಾತ್ ಐವರು ಯುವಕರನ್ನು ಅಲ್ಲಿಯ ಬಂಡಾಯದ ಪಾಳೆಯಕ್ಕೆ ಕಳುಹಿಸಿತು, ಖರ್ಚು ಊರಿನದೇ. ಗುರುಗಳ ಲೆಕ್ಕದಲ್ಲಿ ಅದೂ ದಾಖಲಾಗಿದೆ! ದಂಗೆ ರಕ್ತದಲ್ಲಿ ಮುಳುಗಿತು.

ಮೇರಿ ರಾಣಿಯ ಕಾಲದಲ್ಲಿ ಪೂಜೆ ಮರಳಿದಾಗ, ಜನರು ಮನೆಗಳಲ್ಲಿ ಉಳಿಸಿಕೊಂಡಿದ್ದ ದೇವಾಲಯದ ವಸ್ತುಗಳನ್ನು ಒಂದೊಂದಾಗಿ ತಂದೊಪ್ಪಿಸಿದರು. ಎಲಿಜಬೆತ್ ಬಂದಾಗ ಮತ್ತೆ ಎಲ್ಲವೂ ಬದಲಾಯಿತು. ಟ್ರಿಕಿ ಮಾತ್ರ ಕದಲಲಿಲ್ಲ. ಹೊಸ ವಿಧಿಯನ್ನೂ ನಡೆಸಿದರು. ಇದನ್ನು ಹೇಡಿತನವೆಂದು ತೀರ್ಪಿಡುವುದು ಸುಲಭ. ಅದೇ ಶತಮಾನದಲ್ಲಿ ಬಲಿಪೂಜೆಗಾಗಿ ಪ್ರಾಣವಿತ್ತ ಯಾಜಕರನ್ನು ನಾವು ಗೌರವಿಸುತ್ತೇವೆ. ಅವರ ಸಾಕ್ಷ್ಯವನ್ನು ಕಿರಿದುಗೊಳಿಸಲಾಗದು. ಆದರೂ ಯಾಜಕನ ನಿಷ್ಠೆ ವಿಧಿಗೆ ಸಲ್ಲುವಂತೆಯೇ ಅವನಿಗೊಪ್ಪಿಸಿದ ಮನೆಗಳಿಗೂ ಸಲ್ಲುತ್ತದೆಂಬುದು ನಮ್ಮ ಅಭಿಪ್ರಾಯ. ಈ ಎರಡೂ ಸೆಳೆತಗಳ ನಡುವೆ ಟ್ರಿಕಿ ಏನು ಅನುಭವಿಸಿದರೆಂಬುದನ್ನು ಲೆಕ್ಕಪುಸ್ತಕ ಬಾಯಿಬಿಟ್ಟು ಹೇಳುವುದಿಲ್ಲ. ಮೇಣಕ್ಕೆ ಇಷ್ಟು, ಗಂಟೆಯ ಹಗ್ಗಕ್ಕೆ ಇಷ್ಟು ಎಂದು ಅದು ಮುಂದುವರಿಯುತ್ತದೆ.